ಸುರಪುರ ಸಂಸ್ಥಾನ ಕಲಿಸುವ ಪಾಠ

ಸುರಪುರ ಈಗ ಯಾದಗಿರಿ ಜಿಲ್ಲೆಯಲ್ಲಿದೆ. 2009ರ ಕೊನೆಯವರೆಗೆ ಅದು ನಮ್ಮ ಗುಲಬರ್ಗಾ ಜಿಲ್ಲೆಯದೇ ತಾಲೂಕು. ಗಾಜಿಪುರದ ನಮ್ಮ ಶಾಲೆಯಲ್ಲಿ ರಾಜಾ ವೆಂಕಟಪ್ಪ ನಾಯಕರ ಹೆಸರು ಕೇಳದೆ ಬೆಳೆದವರಿಲ್ಲ. ಅವರ ಬಲಿದಾನ ಎಲ್ಲರಿಗೂ ಗೊತ್ತು. ಆ ಸಂಸ್ಥಾನ ಅಷ್ಟು ಕಾಲ ಉಳಿದದ್ದು ಹೇಗೆ, ಕೈತಪ್ಪಿದ್ದು ಹೇಗೆ ಎಂಬುದನ್ನೂ ನಾವು ತಿಳಿಯಬೇಕು.

ಬೇಡ ನಾಯಕರ ಆಳ್ವಿಕೆ ಈ ನೆಲದ ಜನರೇ ಕಟ್ಟಿಕೊಂಡದ್ದು. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಪಿಡ್ಡನಾಯಕರು ಕಾದಾಡಿ, ಕೊನೆಗೆ ಕೋಟೆ ಬಿಟ್ಟು ಜನರನ್ನು ಉಳಿಸಿಕೊಂಡರು. ಬಾದಶಹನಿಗೆ ಸಿಕ್ಕಿದ್ದು ಬರಿದಾದ ಕೋಟೆ. ಎರಡು ವರ್ಷಕ್ಕೆ ಅವನೇ ತೀರಿಕೊಂಡ. ನಾಯಕರ ಆಳ್ವಿಕೆ ಮತ್ತೆ ನೂರೈವತ್ತು ವರ್ಷ ನಡೆಯಿತು.

1828ರಲ್ಲಿ ಕೃಷ್ಣಪ್ಪ ನಾಯಕರು ಪಟ್ಟಕ್ಕೆ ಬಂದಾಗ ನಿಜಾಮ ಸರಕಾರಕ್ಕೆ 15 ಲಕ್ಷ ರೂಪಾಯಿ ನಜರಾಣೆ ಕೊಡಲು ಒಪ್ಪಿದರು. ಗಾದಿ ಭದ್ರವಾಯಿತು, ಬೊಕ್ಕಸ ಬಡವಾಯಿತು. ಬಾಕಿ ಬೆಳೆದಂತೆ ಬ್ರಿಟಿಷರ ಕೈ ಒಳಬಂತು. ಅವರ ನಂತರ ಎಳೆಯ ರಾಜನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಅವನು ಲೆಕ್ಕಪತ್ರ ಸರಿಪಡಿಸಿದ, ಒಳ್ಳೆಯ ಕೆಲಸಗಳನ್ನೂ ಮಾಡಿದ. ಅವನಿದ್ದ ಟೇಲರ್ ಮಂಜಿಲ್ ಇಂದಿಗೂ ಸುರಪುರದಲ್ಲಿದೆ. ಆದರೆ ಮನೆಯ ಲೆಕ್ಕ ಪರರ ಕೈ ಸೇರಿತ್ತು. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ನಿಂತು, ಸೆರೆಯಾಗಿ, ಅದೇ ವರ್ಷ ತೀರಿಕೊಂಡರು. 1860ರಲ್ಲಿ ಸಂಸ್ಥಾನವನ್ನು ಬ್ರಿಟಿಷರು ನಿಜಾಮನಿಗೆ ಕೊಟ್ಟುಬಿಟ್ಟರು.

1828ರ ಒಪ್ಪಂದ ಅಂದಿಗೆ ಅನಿವಾರ್ಯ ಅನಿಸಿರಬಹುದು. ಗಾದಿಯೇ ಹೋದರೆ ಉಳಿಯುವುದೇನು ಎಂಬ ಮಾತಿನಲ್ಲಿ ಹುರುಳಿದೆ. ಸಾಫ್ಟ್‌ವೇರ್ ಕೆಲಸದಲ್ಲಿ ನಾವೂ ಗಡುವು ಮುಟ್ಟಲು ಅವಸರದ ಕೋಡ್ ಬರೆಯುತ್ತೇವೆ. ಮುಂದೆ ಬರುವವರು ಅದನ್ನು ಬಡ್ಡಿ ಸಮೇತ ತೀರಿಸುತ್ತಾರೆ. ಸಾಲ ಮಾಡುವುದು ಕೆಲವೊಮ್ಮೆ ತಪ್ಪದು. ತೀರಿಸುವವರು ಯಾರು, ಆಗ ಲೆಕ್ಕ ಯಾರ ಕೈಯಲ್ಲಿರುತ್ತದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ನಮ್ಮ ಭಾಗಕ್ಕೆ 2013ರಿಂದ 371(ಜೆ) ಜಾರಿಯಲ್ಲಿದೆ. ಸೀಟು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ. ಅದು ಇಂದಿನ ಲಾಭ. ಅದನ್ನು ಮೊಮ್ಮಕ್ಕಳವರೆಗೆ ಮುಟ್ಟಿಸುವುದು ಇಂಥ ಸರಕಾರಿ ಶಾಲೆಗಳು, ಅವುಗಳ ವ್ಯವಹಾರ ನೋಡುವ ಪಾಲಕರ ಎಸ್‌ಡಿಎಂಸಿ. ಸುವರ್ಣ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳು ಕೊಡುವ ದೇಣಿಗೆಯಲ್ಲಿ ಕಮಾನು, ಬಣ್ಣಕ್ಕೆ ಒಂದು ಪಾಲು ಇರಲಿ. ದೊಡ್ಡ ಪಾಲು ಬ್ಯಾಂಕಿನಲ್ಲಿ ಠೇವಣಿಯಾಗಲಿ. ಬಡ್ಡಿಯಿಂದ ಪ್ರತಿ ವರ್ಷ ಗ್ರಂಥಾಲಯಕ್ಕೆ ಪುಸ್ತಕ ಬರಲಿ, ಆಗಸ್ಟ್ 15ರಂದು ಊರವರ ಮುಂದೆ ಅದರ ಲೆಕ್ಕ ಓದಲಿ. ನೂರನೇ ವರ್ಷದ ಸಂಚಿಕೆ ಬರೆಯುವ ಮಕ್ಕಳಿಗೆ ಆ ಪುಸ್ತಕಗಳು ಬೇಕಾಗುತ್ತವೆ.