ಬೂದಿ ಬಟ್ಟಲು, ಬೀದರಿನ ಮಣ್ಣು

ತಾರ್ನಾಕದ ನಮ್ಮ ಮನೆಗೆ ಬಂದವರೆಲ್ಲ ಕೇಳೋ ಪ್ರಶ್ನೆ ಒಂದೇ. "ಮನೇಲಿ ಯಾರೂ ಸಿಗರೇಟು ಸೇದಲ್ಲ, ಇಷ್ಟೊಂದು ಆಶ್‌ಟ್ರೇ ಯಾಕ್ರೀ?" ಹನ್ನೊಂದಿವೆ. ಎಲ್ಲವೂ ಬಿದರಿ ಕೆಲಸದವು, ಕಪ್ಪು ಮೈ ಮೇಲೆ ಬೆಳ್ಳಿ ಬಳ್ಳಿ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಹಳೇ ಆಶ್‌ಟ್ರೇ ಕೂಡಿಡೋ ಹುಚ್ಚು ನನ್ನೊಬ್ಬನದಲ್ಲ ಬಿಡಿ. ಇಟಲಿಯ ಬ್ರೂನೊ ಮುನಾರಿ 1957ರಲ್ಲಿ ದನೇಸೆ ಕಂಪನಿಗೆ ಮಾಡಿಕೊಟ್ಟ ಚೌಕ ಡಬ್ಬಿಯಂಥ ಆಶ್‌ಟ್ರೇಗೆ ಇವತ್ತಿಗೂ ಗಿರಾಕಿಗಳಿದ್ದಾರೆ. ಬೂದಿ ಕಣ್ಣಿಗೆ ಬೀಳಬಾರದು ಅನ್ನೋದು ಅದರ ಜಾಣತನ. ನಮ್ಮ ಬೀದರಿನವರ ಜಾಣತನವೇ ಬೇರೆ.

ಬಿದರಿ ಕಲೆ ಬಹಮನಿ ಸುಲ್ತಾನರ ಕಾಲದ್ದು ಅಂತಾರೆ. ತಂಬಾಕು ಬಂದ ಮೇಲೆ ಈ ಕಸುಬಿಗೆ ದೊಡ್ಡ ಗಿರಾಕಿ ಆದದ್ದು ಹುಕ್ಕಾ. ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದರೆ ನೋಡಿ, ಬಿದರಿ ಹುಕ್ಕಾ ಬುಡಗಳು ಎಷ್ಟು ಚೆಂದ! ನವಾಬರ ಕಾಲ ಮುಗೀತಾ ಬಂತು, ಹುಕ್ಕಾ ಹೋಗಿ ಸಿಗರೇಟು ಬಂತು. ಕುಶಲಕರ್ಮಿಗಳು ಸುಮ್ಮನೆ ಕೂರಲಿಲ್ಲ, ಅದೇ ಕೈಯಲ್ಲಿ ಸಿಗರೇಟು ಡಬ್ಬಿ, ಆಶ್‌ಟ್ರೇ, ಗುಂಡಿ ಮಾಡಿದರು.

ಮಾಡೋ ಬಗೆ ಹೀಗೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ನಯ ಮಾಡಿ, ಗೆರೆ ಕಾಣಲಿ ಅಂತ ಮೈಲುತುತ್ತ ಬಳಿದು, ಸಣ್ಣ ಉಳಿಯಲ್ಲಿ ಕೊರೆದು, ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ತಂತಿ ಕೆಲಸಕ್ಕೆ ತಾರ್‌ಕಷಿ ಅಂತ ಹೆಸರು. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ಉಜ್ಜಿದರೆ ಸತು ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಮಳೆ ಬಿಸಿಲು ಕಾಣದ ಆ ಮಣ್ಣನ್ನು ಕೆಲಸಗಾರರು ನಾಲಿಗೆಗೆ ಇಟ್ಟು ರುಚಿ ನೋಡಿಯೇ ಆರಿಸುತ್ತಾರೆ!

ಈಗ ನಮ್ಮ ಮನೆ ಕಥೆ. ಅಪ್ಪ ಬೀದರ್ ಜಿಲ್ಲೆಯವರು, ಹೈದರಾಬಾದಿನಲ್ಲಿ ಗುಮಾಸ್ತರು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಹೋಯ್ತು, ಹೈದರಾಬಾದ್ ಆಂಧ್ರಪ್ರದೇಶಕ್ಕೆ. ಜತೆಯ ಗೆಳೆಯ ಆಕಡೆ ಹೋದ, ಅಪ್ಪ ಇಲ್ಲೇ ಉಳಿದರು. ಹೋಗುವಾಗ ಗೆಳೆಯ ಕೊಟ್ಟದ್ದು ಒಂದು ಬಿದರಿ ಆಶ್‌ಟ್ರೇ. ಸಂಜೆ ಅದರ ಮುಂದೆ ಕೂತು ಅಪ್ಪ ಊರಿನ ಮಾತಾಡೋರು, ಒಂದರ ಹಿಂದೊಂದು ಸೇದೋರು. 1979ರಲ್ಲಿ ಅದೇ ಚಟ ಅವರನ್ನು ತಿಂದು ಹಾಕ್ತು. ಹದಿಮೂರನೇ ದಿನ ಮುಗಿದ ಮೇಲೆ ಅವ್ವ ಆ ಆಶ್‌ಟ್ರೇಯನ್ನು ಗುಜರಿಯವನಿಗೆ ಹಾಕಿಬಿಟ್ಟಳು. ನಾನು ತಡೀಲಿಲ್ಲ. ತಡೀಬೇಕಿತ್ತೋ ಬೇಡವೋ, ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಜುಮೇರಾತ್ ಬಜಾರಿನಲ್ಲಿ ಅದನ್ನೇ ಹುಡುಕುತ್ತಾ ಇವೆಲ್ಲ ಮನೆಗೆ ಬಂದವು. ಅಂಗಡಿಯವರು "ಹೈದರಾಬಾದಿ ಮಾಲ್" ಅಂತಲೇ ಮಾರೋರು. ನಾನು "ಬೀದರ್, ಬೀದರ್" ಅಂತ ತಿದ್ದುತ್ತಿದ್ದೆ. ಮೊದಲನೆಯದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಕಪ್ಪು ಬಣ್ಣ ಹಾಳು ಮಾಡಿದೆ. ನಿಮ್ಮಲ್ಲಿದ್ದರೆ ಬರೀ ಕೊಬ್ಬರಿ ಎಣ್ಣೆ ಸವರಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು.

ಇವತ್ತು ಸಾರ್ವಜನಿಕ ಜಾಗದಲ್ಲಿ ಸೇದೋದಕ್ಕೆ ನಿಷೇಧ ಇದೆ, 2008ರ ಅಕ್ಟೋಬರ್ 2ರಿಂದ. ಒಳ್ಳೆಯದೇ ಆಯ್ತು. ಆಶ್‌ಟ್ರೇ ಹೋದರೂ ಕಲೆ ಹೋಗಲಿಲ್ಲ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಓಣಿಯವರಿಗೆಲ್ಲ ಪೇಡೆ ಹಂಚಿದೆ.

ತಾರ್ನಾಕ ಅನ್ನೋ ಹೆಸರು ತಂತಿ ಬೇಲಿಯ ನಾಕಾದಿಂದ ಬಂತು ಅಂತಾರೆ. ತಾರ್‌ಕಷಿಯಲ್ಲಿರೋದೂ ಅದೇ ತಾರ್. ಬೇಲಿಯ ತಂತಿ ಊರನ್ನು ಆಚೆ ಇಡುತ್ತೆ, ಬೆಳ್ಳಿ ತಂತಿ ನಮ್ಮ ಮನೆಯೊಳಗೆ ತರುತ್ತೆ. ಅಪ್ಪನ ಆಶ್‌ಟ್ರೇ ಮಾತ್ರ ಇನ್ನೂ ಸಿಕ್ಕಿಲ್ಲ. ಈ ಹನ್ನೊಂದರಲ್ಲಿ ಒಂದಕ್ಕೂ ನಾನು ಬೂದಿ ಬೀಳಿಸಿಲ್ಲ. ಒಂದರಲ್ಲಿ ಅವ್ವನ ಅಡಿಕೆ ಚೂರು ಇಡ್ತಿದ್ದಳು, ಕೊನೆವರೆಗೂ.