ಅಪರಿಚಿತ ಪ್ರೋಗ್ರಾಮಿಗೆ ಬಾಗಿಲು ತೆರೆದ ಭಾಷೆಗಳು

ನೀವು ಒಂದು ವೆಬ್‌ಪುಟ ತೆರೆದಾಗ ಅಕ್ಷರ, ಚಿತ್ರಗಳಷ್ಟೇ ಬರುವುದಿಲ್ಲ. ಹೆಚ್ಚಿನ ಸಲ ಒಂದು ಪ್ರೋಗ್ರಾಮ್ ಕೂಡ ಬಂದು ನಿಮ್ಮದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತದೆ. ಬರೆದವರು ಯಾರೋ, ಎಲ್ಲಿಯವರೋ ನಿಮಗೆ ತಿಳಿಯದು. ಗುರುತು ಪರಿಚಯವಿಲ್ಲದವರನ್ನು ಹೀಗೆ ಮನೆಯೊಳಗೆ ಬಿಟ್ಟುಕೊಳ್ಳುವ ಧೈರ್ಯ ನಮಗೆ ಬಂದದ್ದು ಹೇಗೆ?

ಪ್ರೋಗ್ರಾಮುಗಳ ಪ್ರಯಾಣ ಹಳೆಯದೇ. 1984ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ ಪ್ರಿಂಟರಿಗೆ ಹೋಗುತ್ತಿದ್ದುದು ಪುಟದ ಚಿತ್ರವಲ್ಲ, ಪುಟವನ್ನು ಬಿಡಿಸುವ ಪ್ರೋಗ್ರಾಮ್. ಅದೇ ದಶಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಮರಾಲ್ಡ್ ಭಾಷೆ, ನಡೆಯುತ್ತಿರುವ ಕೆಲಸವನ್ನೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಿತು. ಆದರೆ ಅವು ಒಂದನ್ನೊಂದು ನಂಬಿದ ಯಂತ್ರಗಳು. ನಂಬಿಕೆ ಇಲ್ಲದ ಕಡೆ ಏನಾಗುತ್ತದೆಂದು 1988ರ ನವೆಂಬರ್ 2ರಂದು ಗೊತ್ತಾಯಿತು. ರಾಬರ್ಟ್ ಮಾರಿಸ್ ಎಂಬ ಅಮೆರಿಕದ ವಿದ್ಯಾರ್ಥಿ ಬಿಟ್ಟ 'ಹುಳು' ಸಾವಿರಾರು ಕಂಪ್ಯೂಟರುಗಳಿಗೆ ಕರೆಯದೇ ನುಗ್ಗಿ ಅವುಗಳನ್ನು ಸುಸ್ತು ಮಾಡಿತು.

ಈ ಸಮಸ್ಯೆಗೆ ಭಾಷೆಯೊಳಗೇ ಪರಿಹಾರ ಹುಡುಕಿದ್ದು ಜಾವಾ. ಸನ್ ಮೈಕ್ರೋಸಿಸ್ಟಮ್ಸ್‌ನ ಜೇಮ್ಸ್ ಗೋಸ್ಲಿಂಗ್ 1991ರಲ್ಲಿ ಮನೆಬಳಕೆಯ ಉಪಕರಣಗಳಿಗೆಂದು ಇದನ್ನು ಆರಂಭಿಸಿದರು. ಮೊದಲ ಹೆಸರು 'ಓಕ್', ಅಂದರೆ ಒಂದು ಮರ. ಕೊನೆಗೆ ಕಾಫಿಯ ಹೆಸರು ನಿಂತಿತು! 1995ರ ಮೇ 23ರಂದು ಅದು ಲೋಕಕ್ಕೆ ಬಂತು. ಜಾವಾ ಪ್ರೋಗ್ರಾಮ್ ಯಾವ ಯಂತ್ರದ ಭಾಷೆಯಲ್ಲೂ ಇರದೆ 'ಬೈಟ್‌ಕೋಡ್' ಎಂಬ ನಡುಭಾಷೆಯಲ್ಲಿ ಬರುತ್ತಿತ್ತು. ಆದ್ದರಿಂದ ಯಾವ ಕಂಪ್ಯೂಟರಾದರೂ ಸರಿ. ಓಡಿಸುವ ಮೊದಲು ಅದನ್ನು ಸಾಲು ಸಾಲಾಗಿ ತಪಾಸಣೆ ಮಾಡಲಾಗುತ್ತಿತ್ತು: ಯಾವುದೋ ಸಂಖ್ಯೆಯನ್ನು ಮೆಮೊರಿಯ ವಿಳಾಸವೆಂದು ನಂಬಿಸಿ ಕಂಡಲ್ಲಿ ಕೈಹಾಕುವ ಹುನ್ನಾರವಿದೆಯೇ ಎಂದು. ಪಾಸಾದ ಮೇಲೂ ಆ ಪುಟ್ಟ 'ಆಪ್ಲೆಟ್' ನಿಮ್ಮ ಫೈಲುಗಳನ್ನು ಮುಟ್ಟುವಂತಿರಲಿಲ್ಲ. ತಾನು ಬಂದ ಸರ್ವರಿನೊಡನೆ ಮಾತ್ರ ಮಾತನಾಡಬಹುದಿತ್ತು.

1996ರಲ್ಲಿ ಮೈಕ್ರೋಸಾಫ್ಟ್ ತಂದ ಆಕ್ಟಿವ್‌ಎಕ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ನೋಡುತ್ತಿದ್ದುದು ಕಳುಹಿಸಿದವರ ಡಿಜಿಟಲ್ ಸಹಿಯನ್ನು. ನೀವು ಒಮ್ಮೆ 'ಸರಿ' ಎಂದರೆ ಆಯಿತು, ಒಳಬಂದ ಪ್ರೋಗ್ರಾಮಿಗೆ ಯಾವ ಕಟ್ಟೂ ಇಲ್ಲ. ಹೆಸರನ್ನು ನೋಡುವುದಕ್ಕಿಂತ ನಡತೆಯನ್ನು ಪರೀಕ್ಷಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಹಾಗೆಂದು ಜಾವಾದ ಕಾವಲು ಬಿಗಿಯಾಗಿತ್ತೇ? ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೀನ್, ಫೆಲ್ಟನ್ ಮತ್ತು ವಾಲಕ್ ಅದರಲ್ಲಿ ತೂತುಗಳನ್ನು ತೋರಿಸಿದರು. ಮುಂದೆ ಬ್ರೌಸರುಗಳು ಒಂದೊಂದಾಗಿ ಆಪ್ಲೆಟ್‌ಗಳನ್ನು ಕೈಬಿಟ್ಟವು. ಆದರೆ ಮೊದಲು ತಪಾಸಣೆ, ಆಮೇಲೆ ಓಟ ಎಂಬ ಕ್ರಮ ಉಳಿಯಿತು. 2019ರ ಡಿಸೆಂಬರಿನಲ್ಲಿ ಅಧಿಕೃತ ವೆಬ್ ಮಾನದಂಡವಾದ ವೆಬ್‌ಅಸೆಂಬ್ಲಿಯಲ್ಲೂ ಹಾಗೆಯೇ: ಬಂದ ಕೋಡ್ ಪೂರ್ತಿ ಪರೀಕ್ಷೆಯಾಗದೆ ಒಂದು ಆಜ್ಞೆಯೂ ನಡೆಯುವುದಿಲ್ಲ.