ಬರೆಯದ ಕಟ್ಟಳೆಯೂ ಲೊಯೋಲಾದ ಐವರೂ

ನಮ್ಮ ಕ್ರೈಸ್ತ ಶಾಲೆಗಳ ಆಟದ ಬಯಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬಗಳು ನಿಂತಿರುವುದನ್ನು ನೀವು ಎಷ್ಟೋ ಸಲ ಕಂಡಿದ್ದೀರಿ. ಅವು ಅಲ್ಲಿರುವುದು ಆಕಸ್ಮಿಕವೇನೂ ಅಲ್ಲ. ಆ ಆಟ ಹುಟ್ಟಿದ್ದೇ ಒಂದು ಕ್ರೈಸ್ತ ಸಂಸ್ಥೆಯ ಆಶ್ರಯದಲ್ಲಿ. 1891ರ ಡಿಸೆಂಬರಿನಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ದೈವಶಾಸ್ತ್ರವನ್ನು ಓದಿ ಬಂದಿದ್ದ ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ಅಧ್ಯಾಪಕರು, ಚಳಿಗಾಲದಲ್ಲಿ ಮನೆಯೊಳಗೆ ಆಡಬಹುದಾದ ಆಟವೊಂದು ಬೇಕೆಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಚೆಂಡನ್ನು ಹಿಡಿದು ಓಡಬಾರದು, ಎದುರಾಳಿಯನ್ನು ತಳ್ಳಬಾರದು ಎಂದೆಲ್ಲ ಅಲ್ಲಿ ಬರೆದಿತ್ತು. ಯಾರು ಆಡಬಹುದು, ಯಾರು ಆಡಬಾರದು ಎಂಬ ಮಾತು ಆ ಹದಿಮೂರರಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ಸೇರಿಸಿದವರು ಮುಂದಿನವರು. ಸೇರಿಸಿದ್ದು ಕಾಗದದ ಮೇಲೆಯೂ ಅಲ್ಲ.

ಹಾಗೆ ಬರೆಯದೆ ಉಳಿದ ಒಂದು ಕಟ್ಟಳೆಯನ್ನು ಮುರಿದ ತಂಡದ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅದು ಶಿಕಾಗೋ ನಗರದ ಲೊಯೋಲಾ ವಿಶ್ವವಿದ್ಯಾಲಯದ ಪುರುಷರ ತಂಡ. ಯೇಸುಸಭೆಯ ಗುರುಗಳು 1870ರಲ್ಲಿ ಸಂತ ಇಗ್ನೇಷಿಯಸ್ ಕಾಲೇಜು ಎಂಬ ಹೆಸರಿನಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ ಅದು. ಅದಾಗಿ ಹತ್ತು ವರ್ಷಕ್ಕೆ ಅದೇ ಸಭೆಯವರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರೆಂದು ನೆನೆದರೆ, ಆ ದೂರದ ಊರು ನಮಗೆ ಅಷ್ಟೇನೂ ದೂರವೆನಿಸದು. ಲೊಯೋಲಾದ ಆಟಗಾರರಿಗೆ ‘ರ್‍ಯಾಂಬ್ಲರ್ಸ್’, ಅಂದರೆ ಅಲೆಮಾರಿಗಳು, ಎಂದು ಹೆಸರು. ಅದು ಬಂದದ್ದು ಬ್ಯಾಸ್ಕೆಟ್‌ಬಾಲಿನಿಂದಲ್ಲ. 1926ರಲ್ಲಿ ಊರೂರು ಸುತ್ತಿ ಆಡುತ್ತಿದ್ದ ಅಲ್ಲಿನ ಫುಟ್‌ಬಾಲ್ ತಂಡದಿಂದ. 1930ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟರು, ಹೆಸರು ಮಾತ್ರ ಉಳಿಯಿತು. 1939ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ವರ್ಷವಿಡೀ ಸೋಲರಿಯದೆ ನ್ಯೂಯಾರ್ಕಿನ ಆಹ್ವಾನಿತ ಪಂದ್ಯಾವಳಿಯ ಅಂತಿಮ ಪಂದ್ಯದವರೆಗೆ ಹೋಗಿ, ಅಲ್ಲಿ ಲಾಂಗ್ ಐಲೆಂಡ್ ತಂಡಕ್ಕೆ ಸೋತಿತು. ಆಮೇಲಿನ ಎರಡು ದಶಕಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನಿಲ್ಲ.

1951ರಲ್ಲಿ ಜಾರ್ಜ್ ಐರ್ಲೆಂಡ್ ತರಬೇತುದಾರರಾಗಿ ಬಂದರು. ಆ ಕಾಲದಲ್ಲಿ ಅಮೆರಿಕದ ಕಾಲೇಜು ತಂಡಗಳ ನಡುವೆ ಒಂದು ‘ಸಭ್ಯರ ಒಪ್ಪಂದ’ ಇತ್ತು. ಕಪ್ಪುವರ್ಣದ ಆಟಗಾರರನ್ನು ತಂಡಕ್ಕೆ ಸೇರಿಸಿಕೊಂಡರೂ ಒಂದೇ ವೇಳೆಗೆ ಇಬ್ಬರನ್ನೋ, ಹೆಚ್ಚೆಂದರೆ ಮೂವರನ್ನೋ ಕಣಕ್ಕಿಳಿಸಬೇಕು, ಅದಕ್ಕಿಂತ ಹೆಚ್ಚಾಗಬಾರದು. ಯಾವ ನಿಯಮಾವಳಿಯಲ್ಲಿಯೂ ಇದು ಇರಲಿಲ್ಲ, ಆದರೆ ತಿಳಿಯದವರೂ ಇರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಅಲ್ಲಿನ ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪುವರ್ಣದ ಒಬ್ಬನನ್ನೂ ಆಡಿಸುತ್ತಿರಲಿಲ್ಲ.

ಬರೆಯದ ಕಟ್ಟಳೆಯೆಂದರೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹಳ್ಳಿಯ ಚಹದಂಗಡಿಯಲ್ಲಿ ಕೆಲವರಿಗೆಂದೇ ಬೇರೆ ಇಟ್ಟ ಲೋಟದ ಮೇಲೆ ಯಾವ ಫಲಕವೂ ಇರುತ್ತಿರಲಿಲ್ಲ. ದಕ್ಷಿಣ ಭಾರತದ ಎಷ್ಟೋ ಹಳೆಯ ದೇವಾಲಯಗಳಲ್ಲಿ, ಒಂದೇ ಪರಮಪ್ರಸಾದವನ್ನು ಸ್ವೀಕರಿಸಿದವರು ಬೇರೆ ಬೇರೆ ಬದಿಗಳಲ್ಲಿ ಕುಳಿತರು, ಸತ್ತ ಮೇಲೆ ಬೇರೆ ಬೇರೆ ಸ್ಮಶಾನಗಳಲ್ಲಿ ಮಲಗಿದರು ಎಂಬುದು ನಮ್ಮದೇ ಚರಿತ್ರೆ. ಇಂಥ ಕಟ್ಟಳೆಗಳ ಬಲವೆಲ್ಲ ಇರುವುದು ಅವುಗಳನ್ನು ಪಾಲಿಸುವವರು ಸಾಮಾನ್ಯವಾಗಿ ಒಳ್ಳೆಯವರಾಗಿರುವುದರಲ್ಲಿಯೇ. ಯಾರ ಮೇಲೂ ದ್ವೇಷವಿಲ್ಲದವರು ಕೂಡ, ಜಗಳವೇಕೆಂದು ಸುಮ್ಮನಿರುತ್ತಾರೆ.

ಐರ್ಲೆಂಡ್ ಸುಮ್ಮನಿರಲಿಲ್ಲ. 1962-63ರ ಅವರ ತಂಡದ ಮೊದಲ ಐವರಲ್ಲಿ ನಾಲ್ವರು ಕಪ್ಪುವರ್ಣದವರು: ನ್ಯೂಯಾರ್ಕಿನಿಂದ ಬಂದ ನಾಯಕ ಜೆರಿ ಹಾರ್ಕ್ನೆಸ್ ಮತ್ತು ರಾನ್ ಮಿಲ್ಲರ್; ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್ಲಿನಲ್ಲಿ ಒಂದೇ ಪ್ರೌಢಶಾಲೆಯಲ್ಲಿ ಓದಿದ ಲೆಸ್ ಹಂಟರ್ ಮತ್ತು ವಿಕ್ ರೌಸ್. ಐದನೆಯವನು ಶಿಕಾಗೋದವನೇ ಆದ ಐರಿಷ್ ಮೂಲದ ಕಥೋಲಿಕ ಯುವಕ, ಜಾನ್ ಈಗನ್. 1962ರ ಡಿಸೆಂಬರಿನಲ್ಲಿ ವಯೋಮಿಂಗ್ ತಂಡದೆದುರು ಆಡುವಾಗ ಈಗನ್ ಹೊರಬಂದನು, ಅವನ ಬದಲಿಗೆ ಒಳಹೊಕ್ಕವನೂ ಕಪ್ಪುವರ್ಣದವನೇ. ಅಮೆರಿಕದ ದೊಡ್ಡ ಕಾಲೇಜುಗಳ ಆಟದಲ್ಲಿ ಐವರೂ ಕಪ್ಪುವರ್ಣದವರಾಗಿ ಒಮ್ಮೆಲೇ ಕಣದಲ್ಲಿ ನಿಂತದ್ದು ಅದೇ ಮೊದಲು.

ಇಲ್ಲಿ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ಇಂಥ ವ್ಯಕ್ತಿಗಳನ್ನು ಒಡನೆಯೇ ಸಂತರನ್ನಾಗಿಸುವ ಅಭ್ಯಾಸವಿದೆ. ಐರ್ಲೆಂಡ್ ಸಂತರಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಗೆಲುವು; ಗೆಲ್ಲಬಲ್ಲ ಹುಡುಗರು ಎಲ್ಲಿದ್ದರೂ ಹೋಗಿ ಕರೆತಂದರು. 1963ರ ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಟೆನೆಸ್ಸೀ ಟೆಕ್ ಎಂಬ ತಂಡವನ್ನು 111–42ರಿಂದ ಸೋಲಿಸಿದರೆಂದರೆ, ಎದುರಾಳಿಯ ಮೇಲಿನ ಕರುಣೆ ಅವರ ಮುಖ್ಯ ಗುಣವಾಗಿರಲಿಲ್ಲವೆಂದು ನೀವೇ ಊಹಿಸಬಹುದು. ಆದರೂ ನನಗನಿಸುವುದು ಇಷ್ಟು: ಗೆಲುವಿನ ಆಸೆಯಿಂದಲೇ ಆಗಲಿ, ಮನುಷ್ಯನನ್ನು ಅವನ ಸಾಮರ್ಥ್ಯದಿಂದ ಮಾತ್ರ ಅಳೆದವನು, ಪ್ರವಚನ ಮಾಡಿ ಕಟ್ಟಳೆಯನ್ನು ಉಳಿಸಿಕೊಂಡವನಿಗಿಂತ ನ್ಯಾಯಕ್ಕೆ ಹತ್ತಿರದವನು.

ಆ ಹುಡುಗರು ತೆತ್ತ ಬೆಲೆಯೂ ಕಡಿಮೆಯದಲ್ಲ. ನ್ಯೂ ಆರ್ಲಿಯನ್ಸಿಗೆ ಆಡಲು ಹೋದಾಗ ಹೋಟೆಲಿನಲ್ಲಿ ಬಿಳಿಯರಿಗೆ ಮಾತ್ರ ಕೋಣೆ; ಉಳಿದವರು ಕಪ್ಪುವರ್ಣದ ಕುಟುಂಬಗಳ ಮನೆಗಳಲ್ಲಿ ರಾತ್ರಿ ಕಳೆದರು. ಹ್ಯೂಸ್ಟನ್ನಿನಲ್ಲಿ ಪ್ರೇಕ್ಷಕರು ಹೀನ ಮಾತುಗಳಿಂದ ನಿಂದಿಸಿದರು. ಹಾರ್ಕ್ನೆಸ್‌ಗೆ ವಿದ್ಯಾರ್ಥಿನಿಲಯಕ್ಕೇ ಕು ಕ್ಲಕ್ಸ್ ಕ್ಲಾನ್ ಎಂಬ ದ್ವೇಷಕೂಟದ ಬೆದರಿಕೆಯ ಪತ್ರಗಳು ಬಂದವು.

ಟೆನೆಸ್ಸೀ ಟೆಕ್ ಬಳಿಕ ಎದುರಾಗಬೇಕಾಗಿದ್ದುದು ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ತಂಡ, ಎಲ್ಲರೂ ಬಿಳಿಯರು. ಮಿಸಿಸಿಪಿ ಎಂದರೆ ಆಗ ಏನೆಂದು ತಿಳಿಯಲು ಒಂದು ಸಂಗತಿ ಸಾಕು: 1962ರ ಶರತ್ಕಾಲದಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪುವರ್ಣದ ವಿದ್ಯಾರ್ಥಿ ಆ ರಾಜ್ಯದ ವಿಶ್ವವಿದ್ಯಾಲಯಕ್ಕೆ ಸೇರಲು ಹೋದಾಗ ಗಲಭೆಯೆದ್ದು ಇಬ್ಬರು ಸತ್ತಿದ್ದರು. ಆ ರಾಜ್ಯದ ತಂಡಗಳು ಕಪ್ಪುವರ್ಣದವರಿರುವ ತಂಡದೊಡನೆ ಆಡಬಾರದೆಂಬುದು ಕೂಡ ಬರೆಯದ ಕಟ್ಟಳೆಯೇ. ಮಿಸಿಸಿಪಿ ಸ್ಟೇಟ್ 1959, 1961 ಮತ್ತು 1962ರಲ್ಲಿ ತನ್ನ ವಲಯದಲ್ಲಿ ಗೆದ್ದೂ ಆ ಕಾರಣದಿಂದ ರಾಷ್ಟ್ರೀಯ ಪಂದ್ಯಾವಳಿಯಿಂದ ದೂರ ಉಳಿದಿತ್ತು. ನಾಲ್ಕನೆಯ ಸಲ ಗೆದ್ದಾಗ ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕೊಲ್ವಾರ್ಡ್, ಈ ಬಾರಿ ತಂಡವನ್ನು ಕಳುಹಿಸುತ್ತೇನೆಂದು ಪ್ರಕಟಿಸಿದರು. ಗವರ್ನರ್ ರಾಸ್ ಬಾರ್ನೆಟ್ ವಿರೋಧಿಸಿದರು. ರಾಜ್ಯದ ಶಾಸಕರೊಬ್ಬರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು.

ಮುಂದಿನದು ಕಳ್ಳಸಾಗಣೆಯ ಕಥೆಯಂತಿದೆ. ಆಜ್ಞೆ ಕೈಗೆ ಸೇರುವ ಮೊದಲೇ ಕೊಲ್ವಾರ್ಡ್ ಅಲಬಾಮಾಕ್ಕೆ ಹೊರಟುಹೋದರು. ತರಬೇತುದಾರ ಬೇಬ್ ಮೆಕಾರ್ಥಿ ರಾತ್ರೋರಾತ್ರಿ ಕಾರಿನಲ್ಲಿ ಗಡಿ ದಾಟಿ ಟೆನೆಸ್ಸೀ ಸೇರಿದರು. ಮರುದಿನ ಬೆಳಿಗ್ಗೆ ಎರಡನೆಯ ಸಾಲಿನ ಹುಡುಗರನ್ನು ಮೊದಲು ವಿಮಾನ ನಿಲ್ದಾಣಕ್ಕೆ ಕಳುಹಿಸಿ, ಷೆರಿಫನ ಜನ ಕಾದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮುಖ್ಯ ಆಟಗಾರರು ಬಂದು ವಿಮಾನ ಹತ್ತಿದರು. ಆಡಬೇಕೆಂಬ ಒಂದೇ ಆಸೆಗಾಗಿ ಇಪ್ಪತ್ತರ ಹರೆಯದ ಬಿಳಿಯ ಹುಡುಗರು ತಮ್ಮದೇ ರಾಜ್ಯದಿಂದ ತಲೆಮರೆಸಿಕೊಂಡು ಓಡಬೇಕಾಯಿತು! ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದ ಭಾಗ ಇದು. ಕಟ್ಟಳೆಯಿಂದ ನೊಂದವರು ಅದನ್ನು ಮುರಿಯಬಯಸುವುದು ಸಹಜ; ಅದರಿಂದ ಲಾಭವಿದ್ದವರ ಮಕ್ಕಳೇ ಅದು ತಮ್ಮನ್ನೂ ಕಟ್ಟಿಹಾಕಿದೆಯೆಂದು ಕಂಡುಕೊಳ್ಳುವುದು ಅಪರೂಪ.

1963ರ ಮಾರ್ಚ್ 15, ತಪಸ್ಸುಕಾಲದ ಒಂದು ಶುಕ್ರವಾರ. ಮಿಶಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಆಟ. ಆರಂಭಕ್ಕೆ ಮುನ್ನ ಮಿಸಿಸಿಪಿಯ ನಾಯಕ ಜೋ ಡ್ಯಾನ್ ಗೋಲ್ಡ್ ಕಣದ ನಡುವೆ ಬಂದು ಕೈಚಾಚಿದನು, ಹಾರ್ಕ್ನೆಸ್ ಆ ಕೈಯನ್ನು ಹಿಡಿದನು. ಸುತ್ತಲೂ ಕ್ಯಾಮೆರಾಗಳ ಬೆಳಕು ಮಿಂಚಿನಂತೆ ಹೊಳೆಯಿತು. ಇದು ಬರಿಯ ಆಟವಲ್ಲವೆಂದು ತನಗೆ ಅರಿವಾದದ್ದು ಆ ಬೆಳಕಿನಲ್ಲಿಯೇ ಎಂದು ಹಾರ್ಕ್ನೆಸ್ ಮುಂದೆ ಹಲವು ಸಲ ಹೇಳಿದ್ದುಂಟು. ಮಿಸಿಸಿಪಿಯವರು ಮೊದಲು ಮುಂದಿದ್ದರೂ ಕೊನೆಗೆ ಲೊಯೋಲಾ 61–51ರಿಂದ ಗೆದ್ದಿತು. ಜಗಳವಾಗಲಿಲ್ಲ, ಕೆಟ್ಟ ಮಾತಾಗಲಿಲ್ಲ. ಸೋತವರು ಮನೆಗೆ ಮರಳಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಲೊಯೋಲಾ ಅಲ್ಲಿಂದ ಇಲಿನಾಯ್ ಮತ್ತು ಡ್ಯೂಕ್ ತಂಡಗಳನ್ನು ದಾಟಿ, ಮಾರ್ಚ್ 23ರಂದು ಕೆಂಟಕಿಯ ಲೂಯಿವಿಲ್ಲಿನಲ್ಲಿ ಅಂತಿಮ ಪಂದ್ಯಕ್ಕೆ ನಿಂತಿತು. ಎದುರಿಗಿದ್ದುದು ಹಿಂದಿನ ಎರಡೂ ವರ್ಷ ಚಾಂಪಿಯನ್ ಆಗಿದ್ದ ಸಿನ್ಸಿನಾಟಿ. ದ್ವಿತೀಯಾರ್ಧದಲ್ಲಿ ಲೊಯೋಲಾ 15 ಅಂಕ ಹಿಂದಿತ್ತು. ನಾಯಕ ಹಾರ್ಕ್ನೆಸ್‌ನ ಕೈಯಿಂದ ಚೆಂಡು ಬಹಳ ಹೊತ್ತು ಬುಟ್ಟಿ ಸೇರಲೇ ಇಲ್ಲ. ಆದರೆ ಕೊನೆಯ ಕೆಲವೇ ಸೆಕೆಂಡುಗಳಿರುವಾಗ ಅವನೇ ಅಂಕವನ್ನು 54–54ಕ್ಕೆ ಸಮ ಮಾಡಿದನು. ಹೆಚ್ಚುವರಿ ಅವಧಿಯ ಕಟ್ಟಕಡೆಯ ಕ್ಷಣದಲ್ಲಿ ಹಂಟರ್ ಎಸೆದ ಚೆಂಡು ಬಳೆಗೆ ತಾಗಿ ಹೊರಚಿಮ್ಮಿದಾಗ, ರೌಸ್ ಹಾರಿ ಅದನ್ನು ಮತ್ತೆ ಒಳಗಿಟ್ಟನು: 60–58. ಅದೇ ಐವರು, ಒಬ್ಬ ಬದಲಿಯೂ ಇಲ್ಲದೆ, 45 ನಿಮಿಷವೂ ಆಡಿದ್ದರು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಸುಖಾಂತ್ಯವಾದೀತು, ಆದರೆ ಸತ್ಯ ಪೂರ್ತಿಯಾಗದು. ಅದೇ ವರ್ಷದ ಏಪ್ರಿಲ್ 11ರಂದು, ಪವಿತ್ರ ಗುರುವಾರದ ದಿನ, ಪೋಪ್ ಇಪ್ಪತ್ತಮೂರನೆಯ ಯೋವಾನ್ನರು ‘ಪಾಚೆಮ್ ಇನ್ ತೆರ್ರಿಸ್’ ಎಂಬ ತಮ್ಮ ವಿಶ್ವಪತ್ರವನ್ನು ಪ್ರಕಟಿಸಿ, ವರ್ಣಭೇದಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದು ಸಾರಿದರು. ಜುಲೈ ತಿಂಗಳಲ್ಲಿ, ಲೊಯೋಲಾ ವಿಶ್ವವಿದ್ಯಾಲಯದ್ದೇ ಕಟ್ಟಡವೊಂದರಲ್ಲಿ, ಕಥೋಲಿಕ ಮಹಿಳೆಯರ ಸಂಘವೊಂದು ನಡೆಸುತ್ತಿದ್ದ ಈಜುಕೊಳಕ್ಕೆ ಕಪ್ಪುವರ್ಣದ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೆಂದು ತಿಳಿದು, ಫ್ರಾನ್ಸಿಸ್ಕನ್ ಸಭೆಯ ಕೆಲವು ಕನ್ಯಾಸ್ತ್ರೀಯರು ತಮ್ಮ ಉಡುಪಿನಲ್ಲಿಯೇ ಬೀದಿಗಿಳಿದು ಫಲಕ ಹಿಡಿದು ನಿಂತರು. ಮಾರ್ಚಿನಲ್ಲಿ ನಾಲ್ವರು ಕಪ್ಪುವರ್ಣದ ಯುವಕರು ಗೆದ್ದ ಕಿರೀಟವನ್ನು ಹೊತ್ತ ಸಂಸ್ಥೆಯಲ್ಲಿಯೇ ಇದು! ಆಟದ ಕಣದಲ್ಲಿ ಒಪ್ಪಿಕೊಂಡವರನ್ನು ನೀರಿನಲ್ಲಿ ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂಬುದು, ಕೆರೆ-ಬಾವಿಗಳ ಜಗಳ ಬಲ್ಲ ನಮ್ಮ ನಾಡಿನ ಓದುಗರಿಗೆ ಬೇಗನೆ ತಿಳಿದೀತು.

ಆಮೇಲಿನ ದಶಕಗಳಲ್ಲಿ ತಂಡ ಹೆಚ್ಚಾಗಿ ಮರೆವಿನಲ್ಲಿಯೇ ಇತ್ತು. 1985ರಲ್ಲಿ ಕೊನೆಯ ಹದಿನಾರರವರೆಗೆ ಒಮ್ಮೆ ತಲುಪಿತು. ಮತ್ತೆ ಲೋಕದ ಕಣ್ಣು ಬಿದ್ದದ್ದು 2018ರಲ್ಲಿ. ಹನ್ನೊಂದನೆಯ ಶ್ರೇಯಾಂಕದೊಡನೆ ಬಂದು ಮಯಾಮಿ, ಟೆನೆಸ್ಸೀ, ನೆವಾಡಾ ತಂಡಗಳನ್ನು ಕೂದಲೆಳೆಯ ಅಂತರದಲ್ಲಿಯೂ ಕಾನ್ಸಾಸ್ ಸ್ಟೇಟನ್ನು ಸುಲಭವಾಗಿಯೂ ಸೋಲಿಸಿ, ಕೊನೆಯ ನಾಲ್ವರಲ್ಲಿ ಒಬ್ಬರಾಗಿ ಮಿಶಿಗನ್‌ಗೆ ಮಣಿದರು. ಆಟಗಾರರಿಗಿಂತ ಹೆಚ್ಚು ಪ್ರಸಿದ್ಧರಾದವರು 1994ರಿಂದ ತಂಡದ ಆಧ್ಯಾತ್ಮಿಕ ಪಾಲಕಿಯಾಗಿದ್ದ ಸಿಸ್ಟರ್ ಜೀನ್ ಡೊಲೊರೆಸ್ ಶ್ಮಿಟ್. ಆಗ ಅವರಿಗೆ 98 ವರ್ಷ. ಗಾಲಿಕುರ್ಚಿಯಲ್ಲಿ ಕುಳಿತು ಹುಡುಗರೊಡನೆ ಪ್ರಾರ್ಥಿಸುತ್ತಿದ್ದರು, ಜೊತೆಗೆ ಎದುರಾಳಿಯ ದೌರ್ಬಲ್ಯಗಳನ್ನೂ ವಿವರಿಸುತ್ತಿದ್ದರು. ಪ್ರಾರ್ಥನೆಯೊಂದಿಗೆ ಮುಂಜಾಗ್ರತೆಯೂ ಇರಲೆಂಬ ಆ ವಿವೇಕ ನನಗೆ ಇಷ್ಟವಾಯಿತು. 2025ರ ಅಕ್ಟೋಬರ್ 9ರಂದು, 106ನೆಯ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರಿಸಿದರು.

1963ರ ತಂಡದಲ್ಲಿ ರೌಸ್ 1999ರಲ್ಲಿಯೂ ಹಂಟರ್ 2020ರಲ್ಲಿಯೂ ಹಾರ್ಕ್ನೆಸ್ 2021ರಲ್ಲಿಯೂ ತೀರಿಕೊಂಡರು. ಅವರಿಗೆ ಸನ್ಮಾನಗಳು ತಡವಾಗಿಯಾದರೂ ಬಂದವು. 2013ರಲ್ಲಿ ಅಧ್ಯಕ್ಷ ಒಬಾಮಾ ಶ್ವೇತಭವನಕ್ಕೆ ಕರೆಸಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು, 2011ರಲ್ಲಿ, ಮಿಸಿಸಿಪಿಯ ಹಳೆಯ ನಾಯಕ ಜೋ ಡ್ಯಾನ್ ಗೋಲ್ಡ್ ನಿಧನರಾಗಿದ್ದರು. ಇಬ್ಬರೂ ಇಳಿವಯಸ್ಸಿನಲ್ಲಿ ಸ್ನೇಹಿತರಾಗಿದ್ದುದರಿಂದ ಹಾರ್ಕ್ನೆಸ್ ಅಂತ್ಯಕ್ರಿಯೆಗೆ ಹೋದರು. ಒಳಗೆ ಹೋಗಿ ನೋಡಿದರೆ, ಶವಪೆಟ್ಟಿಗೆಯ ಬಳಿ ಮನೆಯವರು ಒಂದು ಚಿತ್ರವನ್ನಿರಿಸಿದ್ದರು. ಈಸ್ಟ್ ಲ್ಯಾನ್ಸಿಂಗ್‌ನ ಕಣದ ನಡುವೆ ಇಬ್ಬರು ಯುವಕರು ಕೈಕುಲುಕುತ್ತಿದ್ದ ಚಿತ್ರವದು.